ಹೆಬ್ಬೆರಳಿನ ತುಕ್ಕು

"ಮುಟ್ಟಬೇಡಿ" ಎಂಬ ಮಾತು ಬರುವಷ್ಟರಲ್ಲಿ ವೀಬ್ಕೆ ಮುಟ್ಟಿಯಾಗಿತ್ತು.

ಜರ್ಮನಿಯ ಫೆರ್ಡನ್ ಊರಿನ ಹಳೆಯ ಕುದುರೆಪಡೆಯ ಬ್ಯಾರಕ್ ಈಗ ಮ್ಯೂಸಿಯಂ. ಅದರ ಹಿಂಭಾಗದ ರಿಪೇರಿ ಕೋಣೆಯಲ್ಲಿ, ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ, ಚಕ್ರವರ್ತಿಯ ಕಾಲದ ಸೈನ್ಯದ ಪಿಸ್ತೂಲೊಂದು ಮಲಗಿತ್ತು. ಮುಟ್ಟಿ ನೋಡದೆ ಏನನ್ನೂ ನಂಬದ ಜಾತಿ ವೀಬ್ಕೆಯದು. ಹೆಬ್ಬೆರಳನ್ನು ಅದರ ನೀಲಿಗಪ್ಪು ಉಕ್ಕಿನ ಮೇಲೆ ಒತ್ತಿ, ಎತ್ತಿಕೊಂಡೇ ಬಿಟ್ಟಿದ್ದಳು.

"ಕೆಳಗಿಡಿ," ಎಂದ ಬಾಗಿಲಲ್ಲಿ ನಿಂತಿದ್ದವನು. "ಮೆಲ್ಲಗೆ."

"ಗುಂಡು ಇದೆಯಾ ಇದರಲ್ಲಿ?"

"ಇಲ್ಲ. ನಿಮ್ಮ ಬೆರಳಲ್ಲಿ ಬೆವರಿದೆ."

ಎನ್ನೋ ತ್ಯಾರ್ಕ್ಸ್ ಅವಳ ಜೊತೆ ಆಡಿದ ಮೊದಲ ಮಾತುಗಳು ಇವೇ. ಇಂಥ ಬಾಯಿಗೆ ಬೀಗ ಹಾಕಿದ್ದರೇ ಚೆನ್ನಾಗಿತ್ತು ಅಂತ ನಿಮಗನ್ನಿಸಿದರೆ, ಅವತ್ತು ವೀಬ್ಕೆಗೂ ಹಾಗೇ ಅನ್ನಿಸಿತು.

ಅವನು ಮ್ಯೂಸಿಯಂನ ಬಂದೂಕು ರಿಪೇರಿಯವನು. ಒಣಕಲು ಮೈ, ಮರಳಿನ ಬಣ್ಣದ ಕೂದಲು, ತುಟಿ ಎರಡು ಮಾಡದೆ ಇಡೀ ದಿನ ಕಳೆಯಬಲ್ಲ ಆಸಾಮಿ. ಅವಳು ಡೆನ್ಮಾರ್ಕ್ ಗಡಿಯ ಊರಾದ ಫ್ಲೆನ್ಸ್‌ಬುರ್ಗಿನವಳು. ಅಮ್ಮನ ಮಡಿಲಲ್ಲಿ ಡೇನಿಷ್ ಕಲಿತವಳು, ಬೀದಿಯಲ್ಲಿ ಜರ್ಮನ್ ಕಲಿತವಳು. ಸೈನ್ಯದ ಪಿಸ್ತೂಲುಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಹವಾಲ್ದಾರರು ಬರೆದಿಟ್ಟ ಕಾಗದಗಳು ಒಂದು ಪೆಟ್ಟಿಗೆಯಷ್ಟು ಸಿಕ್ಕಿದ್ದವು. ಅವನ್ನು ಡೇನಿಷ್‌ಗೆ ಅನುವಾದಿಸುವುದು ಅವಳ ಕೆಲಸ. ಮೇ ತಿಂಗಳಲ್ಲಿ ಇಲ್ಲಿ ಪ್ರದರ್ಶನ, ಆಮೇಲೆ ಅದೇ ಪ್ರದರ್ಶನ ಡೆನ್ಮಾರ್ಕಿಗೆ. ಅಲ್ಲಿಗೆ ಅವಳ ಕೆಲಸವೂ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಎನ್ನೋ ಅವಳನ್ನು ಕರೆದ. ಮಾತಾಡಲಿಲ್ಲ, ಭೂತಕನ್ನಡಿ ಕೊಟ್ಟ. ಪಿಸ್ತೂಲಿನ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತೊಂದು ಎದ್ದಿತ್ತು, ಸುಳಿಗಳೆಲ್ಲ ಬಿಡಿಸಿ ಎಣಿಸುವ ಹಾಗೆ.

"ಇದು ನೀವು," ಎಂದ.

"ಒಂದೇ ರಾತ್ರಿಗಾ?"

"ಎಲ್ಲರಿಗೂ ಹೀಗಾಗಲ್ಲ. ಕೆಲವರ ಬೆವರಲ್ಲಿ ಉಪ್ಪು, ಹುಳಿ ಜಾಸ್ತಿ. ನಮ್ಮ ಕಸುಬಲ್ಲಿ ತುಕ್ಕುಬೆರಳು ಅಂತಾರೆ. ಅಂಥವರನ್ನ ಕಾರ್ಖಾನೆ ಒಳಗೇ ಬಿಡ್ತಿರಲಿಲ್ಲ."

"ನನ್ನನ್ನೂ ಹೊರಗೆ ಹಾಕ್ತೀರಾ?"

ಅವನು ಡ್ರಾಯರ್ ಎಳೆದು ಬಿಳಿ ಹತ್ತಿ ಕೈಗವಸು ತೆಗೆದು ಅವಳ ಮುಂದಿಟ್ಟ. ಅಳತೆ ಸರಿಯಾಗಿತ್ತು. ಹಿಂದಿನ ದಿನ ತನ್ನ ಕೈಯನ್ನು ಅಷ್ಟು ಚೆನ್ನಾಗಿ ನೋಡಿದ್ದನೇ ಎಂದು ಅವಳಿಗೆ ಹೊಳೆದದ್ದು ಮನೆಗೆ ಹೋದ ಮೇಲೆ.

"ಈ ಗುರುತು ಉಜ್ಜಿದರೆ ಹೋಗುತ್ತಲ್ಲ?" ಎಂದಳು.

"ಹೋಗುತ್ತೆ. ಜೊತೆಗೆ ಉಕ್ಕಿನ ನೀಲಿ ಬಣ್ಣವೂ ಹೋಗುತ್ತೆ. ನೋಡೋಣ."

ಆ 'ನೋಡೋಣ' ಚಳಿಗಾಲವಿಡೀ ನೋಡೋಣವಾಗಿಯೇ ಉಳಿಯಿತು. ವೀಬ್ಕೆ ಮತ್ತೆ ಕೇಳಲಿಲ್ಲ. ಮಾಡಿದ ಕಿತಾಪತಿಯನ್ನು ಯಾರು ತಾನೇ ನೆನಪಿಸುತ್ತಾರೆ?

* * *

ಆ ಕಾಗದಗಳ ಅಕ್ಷರ ಈಗಿನವರಿಗೆ ಓದಲು ಬಾರದ ಹಳೆಯ ಮೋಡಿ. ಅದನ್ನು ಓದಿ ಹೇಳಲು ಕಾರ್ಸ್ಟೆನ್ಸ್ ತಾತ ಬರುತ್ತಿದ್ದರು. ಎಂಬತ್ತರ ಹತ್ತಿರ ಬಂದವರು, ಮದುವೆಯಾಗದವರು, ಊರಿಗೆಲ್ಲ ತಾತ. ಬಾಲ್ಯದಲ್ಲಿ ಅವರಿಗೆ ಮೇಷ್ಟರು ಕೋಲು ಹಿಡಿದು ಕಲಿಸಿದ್ದು ಅದೇ ಅಕ್ಷರ. ತಾತ ಗಟ್ಟಿಯಾಗಿ ಓದುವುದು, ವೀಬ್ಕೆ ಅನುವಾದಿಸುವುದು.

ಆದರೆ ಪಿಸ್ತೂಲನ್ನು ಬಿಚ್ಚಿ ನೋಡದೆ ಅದರ ಅಂಗಾಂಗದ ಹೆಸರು ಇನ್ನೊಂದು ಭಾಷೆಗೆ ಇಳಿಯುವುದಿಲ್ಲ. ಮಂಡಿ ಕೀಲು ಅಂತ ಬರೆದಿದ್ದರೆ ಅದು ಯಾವ ಮಂಡಿ, ಹೇಗೆ ಮಡಚುತ್ತದೆ? ಹೀಗೆ ವಾರಕ್ಕೊಮ್ಮೆ ರಿಪೇರಿ ಕೋಣೆಗೆ ಹೋಗುತ್ತಿದ್ದವಳು ದಿನವೂ ಹೋಗತೊಡಗಿದಳು. ಅಷ್ಟೊಂದು ಕಷ್ಟದ ಪದಗಳು ಆ ಕಾಗದದಲ್ಲಿ ಇದ್ದವೇ ಎಂದು ಯಾರೂ ಕೇಳಲಿಲ್ಲ. ತಾತ ಮಾತ್ರ ಕನ್ನಡಕದ ಮೇಲಿಂದ ನೋಡಿ, "ಇವತ್ತು ಯಾವ ಪದ ಸಿಕ್ಕಿಕೊಂಡಿದೆಯಮ್ಮ?" ಎನ್ನುತ್ತಿದ್ದರು.

ಒಂದು ದಿನ ಸಿಕ್ಕಿಕೊಂಡದ್ದು ಇದು: 'ಹಿಡಿಕೆಯ ತಿರುಪನ್ನು ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ, ಕೈಗೆ ತಿಳಿಯುವಷ್ಟು ತಿರುಗಿಸತಕ್ಕದ್ದು.'

"ಕೈಗೆ ತಿಳಿಯುವಷ್ಟು ಅಂದರೆ ಎಷ್ಟು?" ಎಂದಳು ವೀಬ್ಕೆ.

"ಅದನ್ನ ಹೇಳಕ್ಕಾಗಲ್ಲ."

"ಹೇಳಕ್ಕಾಗದ್ದನ್ನ ಡೇನಿಷ್‌ನಲ್ಲಿ ಬರೆಯೋದು ಹೇಗೆ?"

ಎನ್ನೋ ಯೋಚಿಸಿದ. ಸ್ಕ್ರೂಡ್ರೈವರನ್ನು ಅವಳ ಕೈಗವಸಿನ ಕೈಗೆ ಕೊಟ್ಟು, ಮೇಲೆ ತನ್ನ ಕೈಯಿಟ್ಟ. ತಿರುಪು ತಿರುಗಿತು, ಬಿಗಿಯಾಯಿತು, ಇನ್ನು ಕೂದಲೆಳೆಯಷ್ಟು ತಿರುಗಿದರೆ ಹಿಡಿಕೆಯ ಮರ ಬಿರಿದೀತು ಎನ್ನುವಲ್ಲಿ ಅವನ ಕೈ ನಿಂತಿತು.

"ಗೊತ್ತಾಯ್ತಾ?"

"ಇಲ್ಲ," ಎಂದಳು ವೀಬ್ಕೆ. ಗೊತ್ತಾಗಿತ್ತು. "ಇನ್ನೊಂದು ಸಲ."

ಅವನು ಇನ್ನೊಂದು ಸಲ ತೋರಿಸಿದ. ಕಿವಿಯ ತುದಿ ಕೆಂಪಗಾಗಿತ್ತು, ಮುಖ ಮಾತ್ರ ತಿರುಪಿನ ಮೇಲೆ. ಆ ದಿನದಿಂದ ಅವಳು ಪಿಸ್ತೂಲು ಕಡಿಮೆ ನೋಡಿದಳು, ಕಿವಿ ಜಾಸ್ತಿ ನೋಡಿದಳು.

ಮಧ್ಯಾಹ್ನ ಮೂರಕ್ಕೆ ಚಹಾ. ಎನ್ನೋ ಸಮುದ್ರದಂಚಿನ ಫ್ರೀಸ್‌ಲ್ಯಾಂಡಿನವನು. ಅವರ ಚಹಾಕ್ಕೆ ಮಡಿ ಮೈಲಿಗೆ ಎಲ್ಲ ಇದೆ. ಕಪ್ಪಿನ ತಳಕ್ಕೆ ಕಲ್ಲುಸಕ್ಕರೆ, ಮೇಲೆ ಬಿಸಿ ಚಹಾ, ಅದರ ಮೇಲೆ ಕೆನೆ. ಕಲಕಬಾರದು. ಚಮಚ ಇರುವುದು ಕಲಕಲಿಕ್ಕಲ್ಲ. ಸಾಕೆನಿಸಿದವರು ಅದನ್ನು ಕಪ್ಪಿನೊಳಗೆ ಇಡಬೇಕು. ಇಡುವ ತನಕ ಸುರಿಯುತ್ತಲೇ ಇರುತ್ತಾರೆ, ಬೇಡ ಎಂದು ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ವೀಬ್ಕೆಯ ಚಮಚ ಯಾವಾಗಲೂ ತಟ್ಟೆಯಲ್ಲೇ ಇರುತ್ತಿತ್ತು.

"ನಿಮಗೆ ಇವೆಲ್ಲ ಇಷ್ಟಾನಾ?" ಎಂದು ಒಮ್ಮೆ ಕೇಳಿದಳು, ಮೇಜಿನ ಮೇಲಿದ್ದ ಪಿಸ್ತೂಲುಗಳ ಕಡೆ ತಲೆ ಹೊರಳಿಸಿ. "ಇವು ಮಾಡಿದ್ದು ಒಳ್ಳೆ ಕೆಲಸ ಅಲ್ಲವಲ್ಲ."

"ಇಷ್ಟ ಇಲ್ಲ," ಎಂದ ಎನ್ನೋ. "ಆದರೆ ಆಗಿದ್ದನ್ನ ಅಳಿಸಬಾರದು. ಅಂಗಡಿಯವರು ಇಂಥವನ್ನ ಉಜ್ಜಿ ಉಜ್ಜಿ ಹೊಸದು ಮಾಡಿ ಮಾರ್ತಾರೆ. ಹೊಸದಾದ ಮೇಲೆ ಅದು ಎಲ್ಲಿತ್ತು, ಯಾರ ಕೈಲಿತ್ತು ಅಂತ ಯಾರಿಗೆ ಗೊತ್ತಾಗುತ್ತೆ? ನನ್ನ ಕೆಲಸ ತುಕ್ಕು ಮುಂದಕ್ಕೆ ಹೋಗದ ಹಾಗೆ ನಿಲ್ಲಿಸೋದು. ಅಷ್ಟೆ."

ಅಷ್ಟುದ್ದ ಮಾತಾಡಿದ್ದಕ್ಕೆ ಅವನಿಗೇ ಸುಸ್ತಾದಂತೆ ಕಂಡಿತು. ಅವಳ ಕಪ್ಪಿಗೆ ಇನ್ನಷ್ಟು ಸುರಿದ.

* * *

ಮೇ ಬಂತು. ಸಂತೆಯಲ್ಲಿ ಬಿಳಿ ಆಸ್ಪ್ಯಾರಗಸ್ ದಂಟುಗಳ ರಾಶಿ ಬಿತ್ತು, ಬೇಕರಿಗಳಲ್ಲಿ ಸ್ಟ್ರಾಬೆರಿ ಕೇಕು ಬಂತು. ಕಾಗದದ ಪೆಟ್ಟಿಗೆ ತಳ ಕಂಡಿತು. ಶನಿವಾರ ಮಧ್ಯಾಹ್ನ ಪ್ರದರ್ಶನ ಶುರು, ಭಾನುವಾರ ಬೆಳಗಿನ ರೈಲಿಗೆ ವೀಬ್ಕೆಯ ಟಿಕೆಟ್ಟು. ಎನ್ನೋ ಒಂದು ಮಾತು ಹೇಳಿದರೆ ಆ ಟಿಕೆಟ್ಟು ಹರಿದು ಹಾಕಲು ಅವಳು ಸಿದ್ಧ. ಆ ಒಂದು ಮಾತೇ ಹೊರಡುತ್ತಿರಲಿಲ್ಲ.

"ನೀನೇ ಕೇಳಬಾರದಾ?" ಎಂದಳು ಗೇಸಾ. ಗೇಸಾ ಅವಳ ಗೆಳತಿ. ವೀಬ್ಕೆ ಇಷ್ಟು ದಿನ ಇದ್ದದ್ದು ಅವಳ ಮನೆಯಲ್ಲೇ.

"ನಾನು ಕೇಳಿ, ಅವನು 'ನೋಡೋಣ' ಅಂದರೆ? ಆ ಪದ ಇನ್ನೊಂದು ಸಲ ಕೇಳಿದರೆ ಸತ್ತೇ ಹೋಗ್ತೀನಿ ಕಣೇ."

"ಸರಿ ಬಿಡು, ಶನಿವಾರ ಇದೆಯಲ್ಲ," ಎಂದಳು ಗೇಸಾ. ಅವಳ ಕಣ್ಣು ಮಿನುಗಿತು.

ಶನಿವಾರ ವೀಬ್ಕೆಗೆ ಮೂವತ್ತು ತುಂಬುತ್ತಿತ್ತು. ಆ ಸೀಮೆಯಲ್ಲಿ ಮೂವತ್ತಾದರೂ ಮದುವೆಯಾಗದವರನ್ನು ಸ್ನೇಹಿತರು ಸುಮ್ಮನೆ ಬಿಡುವುದಿಲ್ಲ. ಗಂಡಾದರೆ ಪುರಭವನದ ಮೆಟ್ಟಿಲು ಗುಡಿಸಬೇಕು, ಹೆಣ್ಣಾದರೆ ಬಾಗಿಲ ಹಿಡಿಗಳನ್ನು ಉಜ್ಜಬೇಕು. ಮದುವೆಯಾಗದವನೊಬ್ಬ ಬಂದು ಎಲ್ಲರೆದುರು ಮುತ್ತು ಕೊಟ್ಟು ಬಿಡಿಸುವ ತನಕ ಬಿಡುಗಡೆಯಿಲ್ಲ.

"ಬಿಡಿಸೋಕೆ ಎನ್ನೋನೇ ಬರ್ತಾನೆ. ನಾನು ಹೋಗಿ ಹೇಳ್ತೀನಿ," ಎಂದಳು ಗೇಸಾ. ಬೇಡ ಎನ್ನಬೇಕೆಂದು ವೀಬ್ಕೆಯ ಬಾಯಿ ತೆರೆಯಿತು. ಆದರೆ ಬೇಡವಾಗಿರಲಿಲ್ಲ.

ಈ ಸುದ್ದಿ ಕೇಳಿ ಕಾರ್ಸ್ಟೆನ್ಸ್ ತಾತ ಕಾಗದ ಕೆಳಗಿಟ್ಟರು. "ನಾನೂ ಗುಡಿಸಿದ್ದೆ ಆ ಮೆಟ್ಟಿಲು. ಬೇಕರಿಯ ಹುಡುಗಿ ಬಂದು ಬಿಡಿಸಿದಳು. ಎರಡು ವರ್ಷದಿಂದ ದಿನಾ ಅವಳ ಅಂಗಡಿಗೇ ಬ್ರೆಡ್ಡಿಗೆ ಹೋಗ್ತಿದ್ದವನು ನಾನು."

"ಆಮೇಲೆ?"

"ಆಮೇಲೇನು? ಥ್ಯಾಂಕ್ಸ್ ಅಂದೆ, ಮನೆಗೆ ಹೋದೆ. ಪದ್ಧತಿಗೆ ಕೊಟ್ಟಳೋ, ನನಗೆ ಕೊಟ್ಟಳೋ ಅಂತ ಯೋಚನೆ ಮಾಡ್ತಾ ಕೂತೆ. ನನ್ನ ಯೋಚನೆ ಮುಗಿಯೋದರೊಳಗೆ ಅವಳಿಗೆ ಇಬ್ಬರು ಮಕ್ಕಳಾಗಿದ್ದವು." ತಾತ ನಕ್ಕರು. ಕನ್ನಡಕ ಒರೆಸಿಕೊಂಡು ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು.

ಗುರುವಾರ ಸಂಜೆ ಗೇಸಾ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಬರಲ್ಲ ಅಂದ."

"ಏನಂದ, ಸರಿಯಾಗಿ ಹೇಳು."

"'ಆ ಕೆಲಸಕ್ಕೆ ನಾನು ಬರಲ್ಲ, ಬೇರೆ ಯಾರನ್ನಾದರೂ ನೋಡಿ' ಅಂದ. ಅಷ್ಟೇ ಕಣೇ. ಆಮೇಲೆ ಅರ ತಗೊಂಡು ಏನೋ ಉಜ್ಜೋಕೆ ಶುರು ಮಾಡಿದ."

ವೀಬ್ಕೆ ಅಳಲಿಲ್ಲ. ತಟ್ಟೆಯಲ್ಲಿದ್ದ ಆಸ್ಪ್ಯಾರಗಸ್ ಪೂರ್ತಿ ತಿಂದಳು, ಬೆಣ್ಣೆಯನ್ನೂ ಬ್ರೆಡ್ಡಿನಿಂದ ಒರೆಸಿ ತಿಂದಳು. ಸಿಟ್ಟು ಬಂದಾಗ ಅವಳಿಗೆ ಹಸಿವು ಜಾಸ್ತಿ.

ಶುಕ್ರವಾರ ಮೂರಕ್ಕೆ ಚಹಾ. ಎಂದಿನಂತೆ ಕಲ್ಲುಸಕ್ಕರೆ ಬಿರಿಯಿತು, ಕೆನೆ ಮೋಡದಂತೆ ಎದ್ದಿತು. ವೀಬ್ಕೆ ಒಂದು ಕಪ್ಪು ಕುಡಿದು ಚಮಚವನ್ನು ಒಳಗೆ ಇಟ್ಟುಬಿಟ್ಟಳು. ಸಣ್ಣ ಸದ್ದು, ಟಿಂಗ್ ಅಂತ. ಕೆಟಲ್ ಹಿಡಿದಿದ್ದ ಎನ್ನೋನ ಕೈ ಗಾಳಿಯಲ್ಲೇ ನಿಂತಿತು.

"ಒಂದೇ?" ಎಂದ.

"ಸಾಕು."

ಅವನು ಕೆಟಲ್ ಇಟ್ಟ. "ಶನಿವಾರದ ವಿಷಯ..."

"ಪರವಾಗಿಲ್ಲ ಬಿಡಿ. ಮಾಲ್ಟೆ ಬರ್ತಾನೆ. ಫೈರ್ ಬ್ರಿಗೇಡಿನವನು. ಎತ್ತರಕ್ಕೆ, ಚೆನ್ನಾಗಿದಾನೆ."

ಎನ್ನೋ ಏನೋ ಹೇಳಲು ಹೊರಟ. ವೀಬ್ಕೆ ಕೈಗವಸು ಕಳಚಿ ಮಡಚಿ ಮೇಜಿನ ಮೇಲಿಟ್ಟಳು. "ಇನ್ನು ಇದರ ಕೆಲಸ ಇಲ್ಲ," ಎಂದಳು. ಹೇಳಲೂ ಬಿಡದೆ, ಹೇಳಲಿಲ್ಲವೆಂದು ಮುನಿಸಿಕೊಂಡು, ಬಾಗಿಲು ದಾಟಿ ಹೋದಳು. ಪ್ರೀತಿಸುವವರ ನ್ಯಾಯವೇ ಹಾಗೆ.

* * *

ಶನಿವಾರ ಹನ್ನೊಂದಕ್ಕೆ ಪುರಭವನದ ಮುಂದೆ ಜನ. ಸಂತೆಗೆ ಬಂದವರು ಚೀಲ ಕೆಳಗಿಟ್ಟು ನಿಂತರು. ಯಾರೋ ಅಕಾರ್ಡಿಯನ್ ತಂದು ನುಡಿಸುತ್ತಿದ್ದರು. ಗೇಸಾ ಬಾಗಿಲಿನ ಹಿತ್ತಾಳೆ ಹಿಡಿಗಳಿಗೆ ಧಾರಾಳವಾಗಿ ಸಾಸಿವೆ ಗೊಜ್ಜು, ಮೇಲೆ ಬೂಟ್ ಪಾಲಿಶ್ ಮೆತ್ತಿದ್ದಳು. ವೀಬ್ಕೆಯ ತಲೆಗೆ ಕಾಗದದ ಕಿರೀಟ, ಸೊಂಟಕ್ಕೆ ಏಪ್ರನ್, ಕೈಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು.

"ಉಜ್ಜಮ್ಮ ಉಜ್ಜು, ಮುಖ ಕಾಣಬೇಕು," ಎಂದು ಯಾರೋ ಕೂಗಿದರು. ಮಾಲ್ಟೆ ಕಂಬಕ್ಕೊರಗಿ ಮೀಸೆ ಸವರಿಕೊಳ್ಳುತ್ತಿದ್ದ. ವೀಬ್ಕೆ ನಗುತ್ತ ಸ್ಟೀಲ್ ನಾರನ್ನು ಹಿಡಿಗೆ ಒತ್ತಿದಳು. ನಗು ತುಟಿಯ ಮೇಲಷ್ಟೇ ಇತ್ತು.

"ಅದನ್ನ ಕೊಡಿ ಇಲ್ಲಿ."

ಎನ್ನೋ. ಕೆಲಸದ ಏಪ್ರನ್‌ನಲ್ಲೇ ಬಂದಿದ್ದ, ಕಂಕುಳಲ್ಲಿ ಸಾಮಾನಿನ ಡಬ್ಬಿ. ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಅವಳ ಕೈಯಿಂದ ಸ್ಟೀಲ್ ನಾರನ್ನು ಕಿತ್ತುಕೊಂಡು ಜೇಬಿಗೆ ತುರುಕಿದ.

"ಇದರಲ್ಲಿ ಉಜ್ಜಿದರೆ ಗೀರು ಬೀಳುತ್ತೆ. ಇನ್ನೂರು ವರ್ಷದ ಹಿತ್ತಾಳೆ ಇದು."

ಇಡೀ ಚೌಕ ಗೊಳ್ಳೆಂದಿತು. "ಎನ್ನೋ, ನಿನ್ನ ಕರೆದಿದ್ದು ಬಾಗಿಲಿಗಲ್ಲವಯ್ಯಾ," ಎಂದ ಮಾಲ್ಟೆ. ಎನ್ನೋ ಯಾರ ಕಡೆಗೂ ನೋಡಲಿಲ್ಲ. ಡಬ್ಬಿಯಿಂದ ಮೆತ್ತನೆ ಬಟ್ಟೆ ತೆಗೆದು ಅವಳಿಗೊಂದು ಕೊಟ್ಟ, ತಾನೊಂದು ಹಿಡಿದು ಪಕ್ಕದ ಹಿಡಿಯ ಸಾಸಿವೆ ಒರೆಸತೊಡಗಿದ.

"ಸಹಾಯ ಮಾಡೋ ಹಾಗಿಲ್ಲ," ಎಂದಳು ಗೇಸಾ.

"ನಾನು ಬಾಗಿಲಿಗೆ ಮಾಡ್ತಿದೀನಿ," ಎಂದ ಎನ್ನೋ.

ಇಬ್ಬರೂ ಅಕ್ಕಪಕ್ಕ ನಿಂತು ಒರೆಸಿದರು. ಅಕಾರ್ಡಿಯನ್ ಸದ್ದಿನಲ್ಲಿ ಅವರ ಮಾತು ಅವರಿಬ್ಬರಿಗಷ್ಟೇ ಕೇಳುತ್ತಿತ್ತು.

"ಬರಲ್ಲ ಅಂದಿದ್ದಿರಂತೆ," ಎಂದಳು ವೀಬ್ಕೆ, ಹಿಡಿಯನ್ನು ನೋಡುತ್ತ.

"ಬಿಡಿಸೋಕೆ ಬರಲ್ಲ ಅಂದಿದ್ದು."

"ಅಷ್ಟು ಕಷ್ಟಾನಾ ನನ್ನನ್ನ ಬಿಡಿಸೋದು?"

"ಹಾಗಲ್ಲ." ಬಟ್ಟೆ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. "ಪದ್ಧತಿ ಅಂತ ಕೊಡೋದು ನನಗೆ ಬೇಡ. ಎಲ್ಲರೂ ಚಪ್ಪಾಳೆ ತಟ್ತಾರೆ. ನೀವು ಥ್ಯಾಂಕ್ಸ್ ಅಂತೀರಿ. ನಾಳೆ ರೈಲು ಹತ್ತುತ್ತೀರಿ. ಆಮೇಲೆ ಅದು ಏನಾಗಿತ್ತು ಅಂತ ನಾನು ಜೀವಮಾನ ಇಡೀ ಯೋಚನೆ ಮಾಡ್ತಾ ಕೂರಬೇಕು."

ವೀಬ್ಕೆಯ ಕೈ ನಿಂತಿತು. ಕಿವಿಯ ತುದಿ ನೋಡಿದಳು. ಕೆಂಪಗೆ ಉರಿಯುತ್ತಿತ್ತು.

"ಇದನ್ನ ನಿನ್ನೆ ಹೇಳಬಹುದಿತ್ತಲ್ಲ?"

"ನಿನ್ನೆ ನೀವು ಚಮಚ ಒಳಗಿಟ್ಟಿರಿ."

"ಮತ್ತೆ ಇವತ್ತು ಯಾಕೆ ಬಂದಿರಿ?"

"ಸುಮ್ಮನಿರೋಕೆ ಆಗಲಿಲ್ಲ," ಎಂದ ಎನ್ನೋ. "ನಿನ್ನೆಯಿಂದ ಒಂದು ಕೆಲಸವೂ ಮಾಡಿಲ್ಲ ನಾನು."

ಅಷ್ಟರಲ್ಲಿ ಅಕಾರ್ಡಿಯನ್ ನಿಂತಿತು. "ಕೊಡ್ತೀಯೋ, ನಾನು ಬರಲೋ?" ಎನ್ನುತ್ತ ಮಾಲ್ಟೆ ಕಂಬ ಬಿಟ್ಟು ಹೊರಟ. ಜನ ಚಪ್ಪಾಳೆ ತಟ್ಟಿದರು. ಎನ್ನೋನ ಮುಖ ಬಿಳಿಚಿತು. ಕೊಟ್ಟರೆ ಅದು ಪದ್ಧತಿಯ ಮುತ್ತಾಗುತ್ತದೆ, ಕೊಡದಿದ್ದರೆ ಮಾಲ್ಟೆಯದಾಗುತ್ತದೆ.

ಆಗ ಊರುಗೋಲಿನ ಸದ್ದು ಕೇಳಿಸಿತು. ಕಾರ್ಸ್ಟೆನ್ಸ್ ತಾತ, ಭಾನುವಾರದ ಕೋಟು ಹಾಕಿಕೊಂಡು, ಮಾಲ್ಟೆಯನ್ನು ಊರುಗೋಲಿನಿಂದ ಪಕ್ಕಕ್ಕೆ ಸರಿಸಿ ಮೆಟ್ಟಿಲು ಹತ್ತಿದರು. "ದಾರಿ ಬಿಡೋ. ಸರದಿ ನನ್ನದು."

"ತಾತ, ನೀವಾ?" ಎಂದಳು ಗೇಸಾ.

"ಯಾಕೆ, ಮದುವೆಯಾಗದವನು ಅಂತ ತಾನೇ ಕಾನೂನು? ನನಗಿಂತ ಹೆಚ್ಚು ಮದುವೆಯಾಗದವನು ಈ ಊರಲ್ಲಿ ಇದ್ದರೆ ತೋರಿಸಿ." ಅವರು ವೀಬ್ಕೆಯ ಕಾಗದದ ಕಿರೀಟ ಸರಿಪಡಿಸಿ, ಬೂಟ್ ಪಾಲಿಶ್ ಹತ್ತದ ಕೆನ್ನೆ ಹುಡುಕಿ ಮುತ್ತು ಕೊಟ್ಟರು. ಗಡ್ಡ ಚುಚ್ಚಿತು. "ಹೋಗಮ್ಮ, ಬಿಡುಗಡೆ ಆಯ್ತು."

ಚೌಕ ಕುಣಿದಾಡಿತು. ಗದ್ದಲದ ನಡುವೆ ತಾತ ಎನ್ನೋನ ಕಡೆ ತಿರುಗಿದರು. "ಈಗ ಅವಳ ಮೇಲೆ ಯಾವ ಪದ್ಧತಿಯ ಹೊರೆಯೂ ಇಲ್ಲ. ಹೇಳೋದು ಏನಾದರೂ ಇದ್ದರೆ ಹೇಳಿಬಿಡು ಮಾರಾಯ. ನನ್ನ ಹಾಗೆ ಬ್ರೆಡ್ಡು ತಿಂತಾ ಕೂರಬೇಡ."

ಎನ್ನೋ ಡಬ್ಬಿ ಮುಚ್ಚಿದ. "ನನ್ನ ಜೊತೆ ಬರ್ತೀರಾ?" ಎಂದ. "ಒಂದು ತೋರಿಸಬೇಕು. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ."

* * *

ಪ್ರದರ್ಶನದ ಕೋಣೆಗೆ ಇನ್ನೂ ಯಾರನ್ನೂ ಬಿಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿತ್ತು. ಎನ್ನೋ ಬಾಗಿಲಿಗೆ ಎದುರಾಗಿದ್ದ, ಒಳಗೆ ಬಂದವರು ಮೊದಲು ನೋಡುವ ಪೆಟ್ಟಿಗೆಯ ಬಟ್ಟೆ ಎಳೆದು ದೀಪ ಹಾಕಿದ.

ಅವಳು ಮೊದಲ ದಿನ ಮುಟ್ಟಿದ ಪಿಸ್ತೂಲು. ಆ ಪೆಟ್ಟಿಗೆಯಲ್ಲಿದ್ದ ಬೇರೆಲ್ಲ ಪಿಸ್ತೂಲುಗಳ ಮೂತಿ ಎಡಕ್ಕಿದ್ದರೆ ಇದರದು ಬಲಕ್ಕಿತ್ತು. ಯಾಕೆಂದು ವೀಬ್ಕೆ ಬಾಗಿ ನೋಡಿದಳು. ನೀಲಿಗಪ್ಪು ಉಕ್ಕಿನ ಮೇಲೆ, ದೀಪದ ಬೆಳಕು ನೇರ ಬೀಳುವಲ್ಲಿ, ಅವಳ ಹೆಬ್ಬೆರಳು. ಸುಳಿ ಸುಳಿಯೂ ಸ್ಪಷ್ಟವಾಗಿತ್ತು. ಮೇಲೆ ಮೇಣದ ತೆಳುವಾದ ಹೊಳಪು.

"ತೆಗೆಯಲಿಲ್ಲವಾ?" ಎಂದಳು, ಗಾಜಿನಿಂದ ಕಣ್ಣು ತೆಗೆಯದೆ.

"ಮುಂದಕ್ಕೆ ಹೋಗದ ಹಾಗೆ ನಿಲ್ಲಿಸಿದೆ. ಇನ್ನು ಹರಡಲ್ಲ. ಹೋಗೋದೂ ಇಲ್ಲ."

"ಮ್ಯೂಸಿಯಂ ಡೈರೆಕ್ಟರ್ ಏನೂ ಅನ್ನಲಿಲ್ಲವಾ?"

"ಬೈದರು. ತೆಗಿ ಅಂದರು. ನಾನು ಆಗಲ್ಲ ಅಂದೆ." ಎನ್ನೋ ಗಾಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದ. ಮಾತು ಒಂದೊಂದಾಗಿ ಬಂತು. "ಈ ಪಿಸ್ತೂಲು ಎರಡು ಯುದ್ಧ ನೋಡಿದೆ. ಇದರ ಮೈಮೇಲಿರೋ ಒಂದೊಂದು ಗೀರೂ ಏನು ಅಂತ ನನಗೆ ಗೊತ್ತು. ಅಷ್ಟೆಲ್ಲದರಲ್ಲಿ ಇದಕ್ಕೆ ಆಗಿರೋ ಒಳ್ಳೇದು ಇದೊಂದೇ, ಈ ಬೆರಳು." ಉಸಿರೆಳೆದುಕೊಂಡ. "ನನಗೂ."

ವೀಬ್ಕೆಗೆ ಕಣ್ಣು ತುಂಬಿತು. ಇಡೀ ಚಳಿಗಾಲ 'ನೋಡೋಣ' ಎನ್ನುತ್ತ ಈ ಮನುಷ್ಯ ನೋಡುತ್ತಿದ್ದದ್ದು ಇದನ್ನೇ.

"ಪ್ರೀತಿಸ್ತೀನಿ ಅಂತ ಒಂದು ಪದ ಇದೆ," ಎಂದಳು. "ಎಲ್ಲ ಭಾಷೆಯಲ್ಲೂ ಇದೆ. ನಾನು ವಿಚಾರಿಸಿದೀನಿ."

"ಗೊತ್ತು."

"ಹೇಳೋಕೆ ಕಷ್ಟಾನಾ?"

"ಹ್ಞೂಂ. ಆದರೆ ಹೇಳ್ತೀನಿ," ಎಂದ ಎನ್ನೋ. ಹೇಳಿದ. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ.

ಅವಳು ಕೈ ಎತ್ತಿದಳು, ಅರ್ಧಕ್ಕೆ ನಿಲ್ಲಿಸಿದಳು. ಬೆರಳ ತುಂಬ ಸಾಸಿವೆ, ಬೂಟ್ ಪಾಲಿಶ್. "ಕೈಗವಸು ಇಲ್ಲ. ನನ್ನದು ತುಕ್ಕುಬೆರಳು."

"ಇರಲಿ," ಎಂದ ಎನ್ನೋ. ಆ ಕೈಯನ್ನು ತಾನೇ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡ. ಆಮೇಲೆ ಅವಳಿಗೆ ಮುತ್ತು ಕೊಟ್ಟ. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಇದು ಯಾರಿಗೆ, ಯಾಕೆ ಎಂದು ಇಬ್ಬರಿಗೂ ಅನುಮಾನವಿರಲಿಲ್ಲ.

"ಇನ್ನು ಈ 'ನೀವು' ಸಾಕು," ಎಂದಳು ವೀಬ್ಕೆ ಅವನ ಎದೆಗೊರಗಿ. "ನಾನು ವೀಬ್ಕೆ."

"ಗೊತ್ತು ನನಗೆ. ನೀ..." ಅವನಿಗೆ ಅಭ್ಯಾಸವಿರಲಿಲ್ಲ. "ನೀನು."

ಮಧ್ಯಾಹ್ನ ಊರೆಲ್ಲ ಪ್ರದರ್ಶನಕ್ಕೆ ಬಂತು. ಮೊದಲ ಪೆಟ್ಟಿಗೆಯ ಮುಂದೆ ನಿಂತವರು ಪಿಸ್ತೂಲನ್ನು ನೋಡಿದರು, ಎನ್ನೋನ ಕೆನ್ನೆಯ ಮೇಲಿದ್ದ ಕಪ್ಪು ಹೆಬ್ಬೆರಳ ಗುರುತನ್ನೂ ನೋಡಿದರು. ಅವನು ಅದನ್ನು ಒರೆಸಿಕೊಂಡಿರಲಿಲ್ಲ. ತಾತ ಎರಡನ್ನೂ ಭೂತಕನ್ನಡಿ ಹಿಡಿದು ಹೋಲಿಸಿ, "ಎರಡೂ ಒಂದೇ ಕೈಯದು," ಎಂದು ತೀರ್ಪು ಕೊಟ್ಟರು.

ಭಾನುವಾರ ಬೆಳಗಿನ ರೈಲು ಹೊತ್ತಿಗೆ ಸರಿಯಾಗಿ ಹೊರಟಿತು. ಆ ಹೊತ್ತಿಗೆ ವೀಬ್ಕೆ ಎನ್ನೋನ ಅಡುಗೆಮನೆಯ ಕಿಟಕಿ ಬಳಿ ಕೂತಿದ್ದಳು. ಮೂರನೆಯ ಕಪ್ಪು ಮುಗಿದಿತ್ತು. ಅವನು ಕೆಟಲ್ ಹಿಡಿದು ಅವಳ ತಟ್ಟೆಯ ಕಡೆ ನೋಡಿದ. ಚಮಚ ಇನ್ನೂ ಹೊರಗೇ ಇತ್ತು. ಅವನು ಸುರಿದ.